ಮೊದಲು ರೊಟ್ಟಿ, ಆಮೇಲೆ ಗುಳಿಗೆ



ಗಲಗಲಿ ಭಾಗದ ಒಂದು ಸಂಘದ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಬದಿಗೆ ಕರೆದು ಹೇಳಿದರು: “ಸಿಸ್ಟರ್, ಕೀಲು ಬಾವು ಬಂದಿದ್ದಕ್ಕ ಡಾಕ್ಟರು ಗುಳಿಗಿ ಕೊಟ್ಟಾರ್ರಿ. ಬ್ಯಾನಿ ಕಡಿಮಿ ಆಗೇತಿ, ಆದ್ರ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗತೈತ್ರಿ. ಬಿಟ್ಟಬಿಡ್ಲೇನ್ರಿ?”

“ಗುಳಿಗಿ ಯಾವಾಗ ತಗೋತೀರಿ?” ಎಂದು ಕೇಳಿದೆ. “ಮುಂಜಾನೆ ಚಾ ಕುಡದು ನುಂಗಿ ಕಬ್ಬಿನ ಹೊಲಕ್ಕ ಹೋಗ್ತೀನ್ರಿ. ರೊಟ್ಟಿ ತಿನ್ನೂದು ಹನ್ನೊಂದಕ್ಕ” ಎಂದರು. ಚೀಟಿ ನೋಡಿದರೆ ಅದು ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ. ಊಟದ ನಂತರ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವರಿಗೆ ಅದನ್ನು ಓದಿ ಹೇಳಿದವರೇ ಇರಲಿಲ್ಲ. ಸಾಲದ್ದಕ್ಕೆ ಅಂಗಡಿಯಿಂದ ನೋವಿನ ಗುಳಿಗೆಯನ್ನೂ ತಂದು ಜೊತೆಗೆ ನುಂಗುತ್ತಿದ್ದರು. ಮತ್ತೆ ಡಾಕ್ಟರ ಹತ್ತಿರ ಕಳಿಸಿದೆವು. ಇಂಥ ತಾಯಂದಿರು ಪ್ರತಿ ಊರಲ್ಲೂ ಇದ್ದಾರೆ. ಅದಕ್ಕೇ ಈ ಲೇಖನ.

ಸ್ಟೀರಾಯ್ಡ್ ಎಂದರೇನು?

ನಮ್ಮ ಎರಡೂ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಒಂದೊಂದು ಸಣ್ಣ ಗ್ರಂಥಿ ಇದೆ. ಅದರಲ್ಲಿ ಕಾರ್ಟಿಸೋಲ್ ಎಂಬ ರಸ ದಿನಾಲೂ ತಯಾರಾಗುತ್ತದೆ. ಅದನ್ನೇ ಹೋಲುವ ಔಷಧವೇ ಸ್ಟೀರಾಯ್ಡ್. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಡೆಫ್ಲಾಜಾಕಾರ್ಟ್ ಇವೆಲ್ಲ ಆ ಜಾತಿಯವೇ. ಕೀಲುವಾತ, ಉಬ್ಬಸ, ಚರ್ಮದ ಕಾಯಿಲೆ, ಕುಷ್ಠರೋಗದಲ್ಲಿ ನರಗಳಿಗೆ ಬರುವ ಬಾವು, ಹೀಗೆ ಹಲವಕ್ಕೆ ಡಾಕ್ಟರು ಕೊಡುತ್ತಾರೆ. ಇದು ಕೆಟ್ಟ ಔಷಧವಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ದೊಡ್ಡ ಪರೀಕ್ಷೆಯಲ್ಲಿ, ಆಮ್ಲಜನಕ ಬೇಕಾಗಿದ್ದ ಕೋವಿಡ್ ರೋಗಿಗಳ ಜೀವ ಉಳಿಸಲು ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ನೆರವಾಯಿತು. ಆದರೆ ಮರುವರ್ಷ 2021ರಲ್ಲಿ ನಮ್ಮ ಕರ್ನಾಟಕದಲ್ಲೇ ಕಪ್ಪು ಶಿಲೀಂಧ್ರ ರೋಗದಿಂದ ಎಷ್ಟೋ ಜನ ಕಣ್ಣು ಕಳೆದುಕೊಂಡರು, ಜೀವವನ್ನೂ ಕಳೆದುಕೊಂಡರು. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಅಳತೆ ಮೀರಿದ ಸ್ಟೀರಾಯ್ಡ್ ಅದಕ್ಕೆ ಮುಖ್ಯ ಕಾರಣಗಳಾಗಿದ್ದವು. ಕುಡುಗೋಲಿನಿಂದ ಬೆಳೆ ಕೊಯ್ಯಬಹುದು, ಕೈಯನ್ನೂ ಕೊಯ್ದುಕೊಳ್ಳಬಹುದು. ಹಿಡಿಯುವ ರೀತಿ ಗೊತ್ತಿರಬೇಕು ಅಷ್ಟೆ.

ಉಂಡೇ ಏಕೆ ತಗೋಬೇಕು?

ಹೊಟ್ಟೆಯ ಒಳಗೋಡೆಗೆ ಲೋಳೆಯ ಒಂದು ಪದರ ಇರುತ್ತದೆ. ಹೊಟ್ಟೆಯ ಹುಳಿ ರಸ ಗೋಡೆಯನ್ನು ಸುಡದಂತೆ ಅದು ಕಾಯುತ್ತದೆ. ಸ್ಟೀರಾಯ್ಡ್ ಈ ಕಾವಲನ್ನು ಸಡಿಲು ಮಾಡುತ್ತದೆ. ಡೈಕ್ಲೋಫಿನಾಕ್, ಐಬುಪ್ರೊಫೇನ್‌ನಂಥ ನೋವಿನ ಗುಳಿಗೆಯನ್ನೂ ಜೊತೆಗೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರುವ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಹೊಟ್ಟೆಯಲ್ಲಿ ಅನ್ನ ಇದ್ದರೆ ಉರಿ, ವಾಕರಿಕೆ ಕಡಿಮೆ. ಉಂಡು ತೆಗೆದುಕೊಂಡರೆ ಗುಳಿಗೆಯ ಶಕ್ತಿ ಕಡಿಮೆಯಾಗುತ್ತದೆ ಎಂಬ ಹೆದರಿಕೆ ಬೇಡ.

ಚೀಟಿಯಲ್ಲಿ 1-0-0 ಎಂದಿದ್ದರೆ ಮುಂಜಾನೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ ಎಂದರ್ಥ. ದಿನಕ್ಕೊಂದೇ ಇದ್ದರೆ ಸಾಮಾನ್ಯವಾಗಿ ಮುಂಜಾನೆಯೇ ಕೊಡುತ್ತಾರೆ. ನಮ್ಮ ಮೈಯಲ್ಲಿ ಕಾರ್ಟಿಸೋಲ್ ಹೆಚ್ಚು ಇರುವುದೂ ಮುಂಜಾನೆಯೇ. ರಾತ್ರಿ ತೆಗೆದುಕೊಂಡರೆ ನಿದ್ದೆ ಹಾರುತ್ತದೆ.

ಚಹಾ, ಒಂದು ಬಿಸ್ಕಿಟು ಊಟವಲ್ಲ. ಒಂದು ರೊಟ್ಟಿ-ಪಲ್ಯ, ಇಲ್ಲವೆ ನಿನ್ನೆಯ ರೊಟ್ಟಿ ಮಜ್ಜಿಗೆಯಲ್ಲಿ ನೆನೆಸಿ, ಇಲ್ಲವೆ ಒಂದು ಬಟ್ಟಲು ಉಪ್ಪಿಟ್ಟು ತಿಂದು, ತುಂಬಿದ ಲೋಟ ನೀರಿನ ಜೊತೆ ನುಂಗಿ. ಆದರೆ ಎಲ್ಲ ಗುಳಿಗೆಗೂ ಇದೇ ನಿಯಮವಲ್ಲ. ಥೈರಾಯ್ಡ್ ಗುಳಿಗೆ ಬರಿ ಹೊಟ್ಟೆಯಲ್ಲೇ. ಆಸಿಡಿಟಿಗೆ ಕೊಡುವ ಪ್ಯಾಂಟೊಪ್ರಜೋಲ್‌ನಂಥದ್ದು ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು. ಎಲ್ಲವನ್ನೂ ಒಂದೇ ಮುಷ್ಟಿಯಲ್ಲಿ ನುಂಗಬೇಡಿ. ಯಾವುದು ಯಾವಾಗ ಎಂದು ಔಷಧ ಅಂಗಡಿಯಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ.

ಉಪವಾಸ ಇದ್ದರೆ?

ಸೋಮವಾರ, ಶನಿವಾರದ ಒಪ್ಪತ್ತು, ರಂಜಾನ್ ರೋಜಾ, ನಮ್ಮ ತಪಸ್ಸು ಕಾಲದ ಉಪವಾಸ, ಎಲ್ಲದರಲ್ಲೂ ರೋಗಿಗೆ ವಿನಾಯಿತಿ ಇದೆ. ಉಪವಾಸಕ್ಕಾಗಿ ಗುಳಿಗೆ ಬಿಡಬೇಡಿ, ಗುಳಿಗೆ ನುಂಗಿ ಉಪವಾಸವೂ ಇರಬೇಡಿ. ಮೊದಲೇ ಡಾಕ್ಟರನ್ನು ಕೇಳಿ.

ಊಟ ಎಲ್ಲವನ್ನೂ ತಡೆಯುವುದಿಲ್ಲ

ಉಂಡು ತಗೊಂಡೆ, ಇನ್ನೇನೂ ಆಗಲ್ಲ ಎಂದು ತಿಳಿಯಬೇಡಿ. ಸಕ್ಕರೆ ಏರುವುದು, ರಕ್ತದೊತ್ತಡ ಏರುವುದು, ಮುಖ ಊದುವುದು, ಎಲುಬು ಸವೆಯುವುದು, ಸೋಂಕು ಬೇಗ ತಗಲುವುದು, ಇವು ಊಟದಿಂದ ನಿಲ್ಲುವುದಿಲ್ಲ. ಅದಕ್ಕೆ ಇವನ್ನು ನೆನಪಿಡಿ:

1. ಉಪ್ಪಿನಕಾಯಿ, ಹಪ್ಪಳ, ಸಕ್ಕರೆ, ಬೆಲ್ಲ ಕಡಿಮೆ ಮಾಡಿ. ಹಾಲು, ಮಜ್ಜಿಗೆ, ಎಳ್ಳು, ನುಗ್ಗೆಸೊಪ್ಪು, ಕಾಳು ಹೆಚ್ಚಿಸಿ.

2. ಸಕ್ಕರೆ ಮತ್ತು ಬಿ.ಪಿ. ಆಗಾಗ ಪರೀಕ್ಷೆ ಮಾಡಿಸಿ.

3. ಕೆಲವು ವಾರ ತೆಗೆದುಕೊಂಡ ಮೇಲೆ ತಟ್ಟನೆ ನಿಲ್ಲಿಸಬೇಡಿ. ಹೊರಗಿನಿಂದ ಔಷಧ ಬರುತ್ತಿದ್ದರೆ ಮೈಯ ಗ್ರಂಥಿ ಕೆಲಸ ಬಿಟ್ಟು ಕೂತಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಂತಿ, ಬಿ.ಪಿ. ಕುಸಿತವಾಗಿ ಜೀವಕ್ಕೇ ಅಪಾಯ. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು.

4. ಹೊಟ್ಟೆ ಉರಿಯುತ್ತಿದ್ದರೆ ನೀವೇ ಬಿಡದೆ, ಡಾಕ್ಟರಿಗೆ ಹೇಳಿ. ನೋವಿನ ಗುಳಿಗೆಯನ್ನು ಕೇಳದೆ ಸೇರಿಸಬೇಡಿ.

5. ಪೊಟ್ಟಣದಲ್ಲಿ ಬಿಡಿಯಾಗಿ ಕೊಡುವ ಹೆಸರಿಲ್ಲದ ಗುಳಿಗೆ ಬೇಡ. ಪಟ್ಟಿ ಸಮೇತ ಕೇಳಿ. ಸ್ಟೀರಾಯ್ಡ್ ಗುಳಿಗೆಯನ್ನು ಚೀಟಿ ಇಲ್ಲದೆ ಮಾರುವಂತಿಲ್ಲ.

6. ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ರಕ್ತದ ವಾಂತಿ, ತಡೆಯಲಾಗದ ಹೊಟ್ಟೆನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೂ ತೋರಿಸಿಯೇ ಬಿಡಿ.

ಕೊನೆಯ ಒಂದು ಮಾತು

ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕೊನೆಗೆ ಉಣ್ಣುತ್ತಾರೆ. ಗುಳಿಗೆ ಮಾತ್ರ ಚಹದ ಜೊತೆಗೇ ಹೋಗುತ್ತದೆ. ‘ಊಟದ ನಂತರ’ ಎಂಬ ಎರಡು ಶಬ್ದ ಪಾಲಿಸಲು ಮನೆಯವರ ಒಪ್ಪಿಗೆಯೂ ಬೇಕು. ಮೊದಲ ರೊಟ್ಟಿ ಕಾಯಿಲೆಯಲ್ಲಿರುವ ತಾಯಿಗೆ ಎಂದು ಮನೆಯಲ್ಲಿ ಧೈರ್ಯವಾಗಿ ಹೇಳಿ. ಇದು ಸ್ವಾರ್ಥವಲ್ಲ. ಚಿಕಿತ್ಸೆಯ ಒಂದು ಭಾಗ.

ಮುಂದಿನ ಸಭೆಗೆ ಬರುವಾಗ ನಿಮ್ಮ ಮನೆಯಲ್ಲಿರುವ ಗುಳಿಗೆಯ ಪಟ್ಟಿ ಮತ್ತು ಚೀಟಿ ಎರಡನ್ನೂ ತನ್ನಿ. ಓದಲು ಬರುವವರು ಬಾರದವರಿಗೆ ಓದಿ ಹೇಳಿ. ತಿಳಿಯದ್ದನ್ನು ಆಶಾ ಕಾರ್ಯಕರ್ತೆಯರ ಮೂಲಕ ಆರೋಗ್ಯ ಕೇಂದ್ರದಲ್ಲಿ ಕೇಳೋಣ. ಸಾಲದ ಪುಸ್ತಕದಷ್ಟೇ ಜೋಪಾನವಾಗಿ ಔಷಧದ ಚೀಟಿಯನ್ನೂ ಇಡಿ.