ಹಿಂದೆ ಮನೆ, ಮುಂದೆ ಮರಿ

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ನಾಯಿಗೆ ಸಿಗುವ ಸ್ವಾಗತ ಅಷ್ಟಕ್ಕಷ್ಟೇ. ಯೆಲ್ಲೊಸ್ಟೋನ್‌ನಲ್ಲಿ ರಸ್ತೆ, ಪಾರ್ಕಿಂಗ್ ಜಾಗ, ಬಿಡಾರದ ತಾಣಗಳಿಂದ 100 ಅಡಿ ಆಚೆಗೆ ಅದು ಕಾಲಿಡುವಂತಿಲ್ಲ. ಈಶಾನ್ಯ ಮೂಲೆಯ ಮೇನ್ ರಾಜ್ಯದ ಅಕೇಡಿಯ ಉದ್ಯಾನದ್ದು ಬೇರೆಯೇ ರೀತಿ. ಅಲ್ಲಿ ಸುಮಾರು 160 ಕಿ.ಮೀ. ಕಾಲುದಾರಿ, 70 ಕಿ.ಮೀ.ಗೂ ಹೆಚ್ಚು ಹಳೆಯ ಸಾರೋಟು ರಸ್ತೆ ನಾಯಿಗಳಿಗೆ ತೆರೆದಿದೆ. ಲೀಶ್ ಆರು ಅಡಿ ಮೀರಬಾರದು, ಕಬ್ಬಿಣದ ಸರಳು ಹಿಡಿದು ಏರಬೇಕಾದ ಕಡಿದಾದ ಹಾದಿಗಳಿಗೆ ಹೋಗಬಾರದು, ಅಷ್ಟೆ. ಹಾಗಾಗಿ ಬೇಸಿಗೆ ಬಂತೆಂದರೆ ಕಾರಿನ ಹಿಂದೆ ಕ್ಯಾಂಪರ್ ಟ್ರೇಲರ್ ಎಂಬ ಗಾಲಿಮನೆ ಕಟ್ಟಿಕೊಂಡು, ನಾಯಿಯನ್ನು ಕೂರಿಸಿಕೊಂಡು ಬರುವವರು ಇಲ್ಲಿ ಬಹಳ. ಕೆಲವರ ಜೊತೆಗಿರುವುದು ಮೊನ್ನೆಮೊನ್ನೆ ಮನೆಗೆ ತಂದ ಎರಡು ತಿಂಗಳ ಮರಿ.

ಅಷ್ಟು ಎಳೆಯ ಮರಿಯನ್ನು ಕಟ್ಟಿಕೊಂಡು ಊರೂರು ಸುತ್ತಬಹುದೇ? ಟ್ರೇಲರ್ ನಿಂತಿದ್ದಾಗ ವಿಜ್ಞಾನದ ಉತ್ತರ ಒಂದು, ಓಡುತ್ತಿದ್ದಾಗ ಇನ್ನೊಂದು.

ಮೊದಲ ಉತ್ತರಕ್ಕೆ ಅಡಿಪಾಯ ಬಿದ್ದದ್ದು ಅಕೇಡಿಯದ ಮಗ್ಗುಲಲ್ಲೇ. ಉದ್ಯಾನಕ್ಕೆ ಅಂಟಿಕೊಂಡ ಬಾರ್ ಹಾರ್ಬರ್ ಪಟ್ಟಣದಲ್ಲಿ ಜ್ಯಾಕ್ಸನ್ ಪ್ರಯೋಗಾಲಯವಿದೆ. ಇಲಿಗಳ ತಳಿಸಂಶೋಧನೆಗೆ ಇದು ಜಗತ್ತಿಗೇ ಗೊತ್ತು. ಆದರೆ 1940ರ ದಶಕದ ಉತ್ತರಾರ್ಧದಿಂದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಇಲ್ಲಿ ನಾಯಿಮರಿಗಳನ್ನು ಹುಟ್ಟಿನಿಂದ ಗಮನಿಸುತ್ತ ಹೋದರು. ಬಸೆಂಜಿ, ಬೀಗಲ್, ಕಾಕರ್ ಸ್ಪ್ಯಾನಿಯಲ್, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಫಾಕ್ಸ್ ಟೆರಿಯರ್ ಎಂಬ ಐದು ತಳಿಗಳ ನಡವಳಿಕೆಯನ್ನು ಅಳೆದು 1965ರಲ್ಲಿ ಗ್ರಂಥವಾಗಿ ಹೊರತಂದರು. ಮರಿ ಲೋಕವನ್ನು ಒಪ್ಪಿಕೊಳ್ಳುವುದಕ್ಕೆ ಒಂದು ಅವಧಿಯಿದೆ, ಅದು ಮೂರನೇ ವಾರದ ಹೊತ್ತಿಗೆ ತೆರೆದು 12ರಿಂದ 14ನೇ ವಾರದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ ಎಂಬುದು ಅವರ ಕೆಲಸದಿಂದ ಗಟ್ಟಿಯಾದ ತಿಳಿವು.

ಇದನ್ನು ಎದ್ದು ಕಾಣುವಂತೆ ತೋರಿಸಿದ್ದು 1961ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಡೇನಿಯಲ್ ಫ್ರೀಡ್‌ಮನ್ ಮತ್ತು ಸಂಗಡಿಗರು ಕಾಕರ್ ಸ್ಪ್ಯಾನಿಯಲ್ ಹಾಗೂ ಬೀಗಲ್ ಮರಿಗಳನ್ನು ತಾಯಿಯೊಂದಿಗೆ ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ಬಿಟ್ಟರು. ಅನ್ನ ನೀರು ಸಿಗುತ್ತಿತ್ತು, ಮನುಷ್ಯರ ಮುಖ ಮಾತ್ರ ಕಾಣುತ್ತಿರಲಿಲ್ಲ. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರು, ಐದು, ಏಳು, ಒಂಬತ್ತನೇ ವಾರದಲ್ಲಿ ಒಳಗೆ ತಂದು ಒಂದು ವಾರ ಆಡಿಸಿ ಮತ್ತೆ ಬಯಲಿಗೆ ಬಿಟ್ಟರು. ಉಳಿದವನ್ನು 14 ವಾರ ತುಂಬುವವರೆಗೆ ಯಾರೂ ಮುಟ್ಟಲಿಲ್ಲ. ಕೊನೆಗೆ ಎಲ್ಲವನ್ನೂ ಪರೀಕ್ಷಿಸಿದಾಗ, ಯಾರೂ ಮುಟ್ಟದ ಮರಿಗಳು ಮನುಷ್ಯರನ್ನು ಕಂಡು ಕಾಡುಪ್ರಾಣಿಗಳ ಹಾಗೆ ಬೆದರಿದವು, ಮುಂದೆಯೂ ಸುಲಭಕ್ಕೆ ಪಳಗಲಿಲ್ಲ. ಸರಿಯಾದ ಹೊತ್ತಿನಲ್ಲಿ ಸಿಕ್ಕ ಒಂದೇ ವಾರದ ಒಡನಾಟ ಮಿಕ್ಕ ಮರಿಗಳನ್ನು ಕಾಪಾಡಿತ್ತು.

ಸಾಮಾನ್ಯವಾಗಿ ಮರಿ ಹೊಸ ಮನೆಗೆ ಬರುವುದು ಎಂಟನೇ ವಾರದಲ್ಲಿ. ಅಂದರೆ ಮಾಲೀಕರ ಕೈಯಲ್ಲಿ ಉಳಿಯುವುದು ತಿಂಗಳು, ಒಂದೂವರೆ ತಿಂಗಳು. ಅಷ್ಟರಲ್ಲಿ ಅದು ಲಾರಿಯ ಸದ್ದು, ಸೈಕಲ್ಲು, ಮಕ್ಕಳು, ಟೋಪಿ ಹಾಕಿದವರು, ಬೇರೆ ನಾಯಿಗಳು ಎಲ್ಲವನ್ನೂ ಕಂಡು ‘ಇದರಲ್ಲಿ ಭಯಪಡುವಂಥದ್ದೇನೂ ಇಲ್ಲ’ ಎಂದುಕೊಳ್ಳಬೇಕು. ಪ್ರವಾಸಕ್ಕಿಂತ ಒಳ್ಳೆಯ ಅವಕಾಶ ಬೇರೆ ಬೇಕೆ?

ಇಲ್ಲೇ ಇಕ್ಕಟ್ಟು. ಮರಿಯ ಮನಸ್ಸು ತೆರೆದಿರುವ ಈ ಹೊತ್ತಿನಲ್ಲೇ ಅದರ ದೇಹದ ರಕ್ಷಣೆ ತೀರಾ ಸಡಿಲ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ದಿನೇದಿನೇ ಕಡಿಮೆಯಾಗುತ್ತಿರುತ್ತವೆ. ರೋಗ ತಡೆಯುವಷ್ಟು ಅವು ಉಳಿದಿರುವುದಿಲ್ಲ, ಆದರೆ ಲಸಿಕೆಯನ್ನು ನಿಷ್ಫಲಗೊಳಿಸುವಷ್ಟು ಉಳಿದಿರಬಹುದು. ಈ ಸಂದು ಯಾವ ಮರಿಗೆ ಯಾವಾಗ ಬರುತ್ತದೆಂದು ಹೇಳಲಾಗದ ಕಾರಣಕ್ಕೇ ಪಶುವೈದ್ಯರು ಆರರಿಂದ ಎಂಟನೇ ವಾರಕ್ಕೆ ಶುರುಮಾಡಿ, ಎರಡು–ನಾಲ್ಕು ವಾರಗಳ ಅಂತರದಲ್ಲಿ, 16 ವಾರ ತುಂಬುವವರೆಗೆ ಲಸಿಕೆ ಹಾಕುತ್ತ ಹೋಗುತ್ತಾರೆ. ಆ ಸಂದಿನಲ್ಲಿ ಕಾದಿರುವ ದೊಡ್ಡ ಶತ್ರು ಪಾರ್ವೊ ವೈರಸ್. 1970ರ ದಶಕದ ಕೊನೆಯಲ್ಲಿ ತಲೆಯೆತ್ತಿ ಒಂದೆರಡು ವರ್ಷಗಳಲ್ಲೇ ಜಗತ್ತೆಲ್ಲ ಹಬ್ಬಿದ ಇದು ಸೋಂಕಿದ ನಾಯಿಯ ಮಲದ ಮೂಲಕ ಮಣ್ಣು ಸೇರಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ನೂರಾರು ನಾಯಿಗಳು ಬಂದುಹೋಗುವ ಬಿಡಾರದ ತಾಣದ ಹುಲ್ಲು, ಹೆದ್ದಾರಿಯ ಪಕ್ಕದ ವಿಶ್ರಾಂತಿ ತಾಣದ ‘ನಾಯಿಗಳ ಜಾಗ’ ಎರಡೂ ಈ ಲೆಕ್ಕದಲ್ಲಿ ಅನುಮಾನಾಸ್ಪದವೇ.

ಹಾಗೆಂದು ಮರಿಯನ್ನು 16 ವಾರ ಮನೆಯೊಳಗೆ ಕೂಡಿಹಾಕಿದರೆ ಕಲಿಯುವ ಅವಧಿ ಕೈತಪ್ಪುತ್ತದೆ. ಅಮೆರಿಕದ ಪಶು ವರ್ತನಾ ವೈದ್ಯರ ಸಂಘ 2008ರಲ್ಲಿ ಈ ಬಗ್ಗೆ ನಿಲುವು ಸ್ಪಷ್ಟಪಡಿಸಿತು: ಮೊದಲ ಲಸಿಕೆ ಬಿದ್ದು ವಾರ ಕಳೆದ ಮೇಲೆ, ಎಚ್ಚರಿಕೆಯಿಂದ, ಮರಿಗೆ ಲೋಕ ತೋರಿಸಲು ಶುರುಮಾಡಬಹುದು. ನಿಂತ ಟ್ರೇಲರ್ ನೆರವಿಗೆ ಬರುವುದು ಇಲ್ಲಿ. ಬಾಗಿಲ ಮುಂದಿನ ಚಪ್ಪರದಡಿ ಮನೆಯಿಂದಲೇ ತಂದ ಚಾಪೆ ಹಾಸಿ, ಸುತ್ತ ಮಡಚುವ ಬೇಲಿ ನಿಲ್ಲಿಸಿದರೆ ಸಾಕು. ಮರಿಯ ಪಾದ ಬೇರೆ ನಾಯಿಗಳು ತುಳಿದ ನೆಲ ಸೋಕುವುದಿಲ್ಲ, ಆದರೆ ಅದರ ಕಣ್ಣು, ಕಿವಿ, ಮೂಗಿಗೆ ಬಿಡಾರದ ಲೋಕವೆಲ್ಲ ಸಿಗುತ್ತದೆ. ಪಕ್ಕದ ತಾಣದ ಜನರೇಟರ್ ಗುರುಗುಟ್ಟಿದಾಗ ಒಂದು ಚೂರು ತಿಂಡಿ, ಸ್ಕೇಟ್‌ಬೋರ್ಡ್ ಮೇಲೆ ಹುಡುಗನೊಬ್ಬ ಹಾದುಹೋದಾಗ ಇನ್ನೊಂದು ಚೂರು. ಉಳಿದಂತೆ ಅಡ್ಡಾಡುವುದೆಲ್ಲ ಮಾಲೀಕರ ತೋಳಿನಲ್ಲಿ.

ವಯಸ್ಸಾದ ನಾಯಿಯಾದರೆ ಇಷ್ಟೆಲ್ಲ ತಲೆನೋವಿಲ್ಲ. ಸಾಹಿತಿ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಟ್ರಕ್ಕಿನ ಮೇಲೆ ಪುಟ್ಟ ಮನೆ ಕೂರಿಸಿಕೊಂಡು ಅಮೆರಿಕ ಸುತ್ತಲು ಹೊರಟಾಗ ಮೊದಲು ತಲುಪಿದ ರಾಜ್ಯಗಳಲ್ಲಿ ಮೇನ್ ಕೂಡ ಒಂದು. ಜೊತೆಗಿದ್ದ ಚಾರ್ಲಿ ಎಂಬ ಪೂಡಲ್ ಆಗಲೇ ಲೋಕ ಕಂಡ ಮುದಿ ನಾಯಿ. ಆದರೂ ಯೆಲ್ಲೊಸ್ಟೋನ್‌ನಲ್ಲಿ ಕರಡಿ ಕಂಡದ್ದೇ ಅದು ರೌದ್ರಾವತಾರ ತಾಳಿ, ಸ್ಟೈನ್‌ಬೆಕ್ ಉದ್ಯಾನದಿಂದ ಹಿಂತಿರುಗಬೇಕಾಯಿತು.

ಇನ್ನು ಟ್ರೇಲರ್ ಓಡುವಾಗಿನ ಕಥೆ. ಆಗುಂಬೆ, ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತ ಕೂತವರಿಗೆ ಏನಾಗುತ್ತದೋ ಮರಿಗೂ ಅದೇ ಆಗುತ್ತದೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ, ಇವು ತಲೆ ತಿರುಗಿದ್ದನ್ನು ಅಳೆಯುತ್ತವೆ. ಸುಣ್ಣದ ಹರಳು ಹೊತ್ತ ಎರಡು ಚೀಲಗಳಿವೆ, ಇವು ವಾಲಿದ್ದು, ಮೇಲೆ ಕೆಳಗೆ ಆದದ್ದನ್ನು ಹೇಳುತ್ತವೆ. ಕಾರಿನ ಸೀಟಿನ ಕೆಳಮಟ್ಟದಲ್ಲಿ ಕೂತ ಮರಿಯ ಕಣ್ಣಿಗೆ ಸೀಟಿನ ಬೆನ್ನು ಅಲುಗದೆ ನಿಂತಂತೆ ಕಾಣುತ್ತದೆ, ಕಿವಿ ಮಾತ್ರ ‘ತಿರುಗುತ್ತಿದ್ದೇವೆ’ ಎನ್ನುತ್ತದೆ. ಎರಡೂ ಸುದ್ದಿ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಡ್ರೈವರಿಗೆ ಈ ಪಾಡಿಲ್ಲ, ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು. ಮನುಷ್ಯರ ಮೇಲಿನ ಪ್ರಯೋಗಗಳ ಪ್ರಕಾರ ಅತಿ ಹೆಚ್ಚು ಓಕರಿಕೆ ತರುವುದು ಗಡಗಡ ನಡುಕವಲ್ಲ. ಐದು ಸೆಕೆಂಡಿಗೊಮ್ಮೆ ಬರುವ ನಿಧಾನದ ತೂಗಾಟ.

ತಲೆ ತಿರುಗಿದರೆ ಹೊಟ್ಟೆ ಏಕೆ ಕೆಡಬೇಕು? ವಿಜ್ಞಾನಿ ಮಿಷೆಲ್ ಟ್ರೀಸ್‌ಮನ್ 1977ರಲ್ಲಿ ಒಂದು ಕುತೂಹಲದ ಉತ್ತರ ಕೊಟ್ಟರು. ಕಣ್ಣು–ಕಿವಿಗಳ ಲೆಕ್ಕ ತಪ್ಪುವುದು ನಿಸರ್ಗದಲ್ಲಿ ಹೆಚ್ಚಾಗಿ ವಿಷ ತಿಂದಾಗ. ಹಾಗಾಗಿ ಲೆಕ್ಕ ತಪ್ಪಿತೆಂದರೆ ಹೊಟ್ಟೆಯಲ್ಲಿದ್ದದ್ದನ್ನು ಹೊರಹಾಕುವುದು ಪ್ರಾಣಿಗೆ ರಕ್ಷಣೆ. ಇದಕ್ಕೆ ಬಲ ಸಿಕ್ಕಿದ್ದು ನಾಯಿಗಳಿಂದಲೇ. ಒಳಕಿವಿಯ ಸಮತೋಲನ ಅಂಗವಿಲ್ಲದ ನಾಯಿಗೆ ಎಷ್ಟು ತೂಗಿದರೂ ವಾಂತಿ ಬರುವುದಿಲ್ಲ ಎಂಬುದು ಹಳೆಯ ತಿಳಿವು. ಅಂಥ ನಾಯಿಗಳು ಕೆಲವು ವಿಷಗಳಿಗೂ ಮೊದಲಿನಂತೆ ವಾಂತಿ ಮಾಡುವುದಿಲ್ಲವೆಂದು ಕೆನಡಾದ ಕೆನೆತ್ ಮನಿ ಮತ್ತು ಬಾಬ್ ಚಿಯಂಗ್ 1983ರಲ್ಲಿ ತೋರಿಸಿದರು.

ದೊಡ್ಡ ನಾಯಿಗಳಿಗಿಂತ ಮರಿಗಳಿಗೆ ಈ ಕಾಟ ಹೆಚ್ಚು. ಸಮತೋಲನದ ವ್ಯವಸ್ಥೆ ಇನ್ನೂ ಪಕ್ವವಾಗಿರುವುದಿಲ್ಲ ಎಂಬುದು ಪಶುವೈದ್ಯರು ಕೊಡುವ ಕಾರಣ. ಬಹುತೇಕ ಮರಿಗಳು ಬೆಳೆದಂತೆ ಸುಧಾರಿಸುತ್ತವೆ. ಆದರೆ ಎರಡು ಮೂರು ಸಲ ಕಾರಿನಲ್ಲಿ ವಾಂತಿಯಾದ ಮರಿ ಕಾರಿಗೂ ಸಂಕಟಕ್ಕೂ ಗಂಟು ಹಾಕಿಬಿಡುತ್ತದೆ. ಪಾವ್ಲೋವ್‌ನ ನಾಯಿಗಳು ಊಟದ ಸೂಚನೆಗೆ ಜೊಲ್ಲು ಸುರಿಸಿದರೆ ಇದು ನಿಂತ ಕಾರಿನ ಬಾಗಿಲು ತೆರೆದರೂ ಜೊಲ್ಲು ಸುರಿಸುತ್ತದೆ.

ಆ ಗಂಟು ಬೀಳದಂತೆ ನೋಡಿಕೊಳ್ಳುವುದೇ ಜಾಣತನ. ಮರಿ ತುಟಿ ನೆಕ್ಕುತ್ತ, ಆಕಳಿಸುತ್ತ, ಜೊಲ್ಲು ಸುರಿಸತೊಡಗಿದರೆ ವಾಂತಿ ದೂರವಿಲ್ಲ, ಕಾರು ನಿಲ್ಲಿಸಬೇಕು. ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಊಟ ಮುಗಿಸಬೇಕು. ಚಿಹುವಾಹುವಾದಂಥ ಪುಟ್ಟ ತಳಿಗಳ ಮರಿಗಳನ್ನು ಹೆಚ್ಚು ಹೊತ್ತು ಹಸಿವಿನಲ್ಲಿ ಇಡಬಾರದು, ರಕ್ತದ ಸಕ್ಕರೆ ಕುಸಿದೀತು. ಮ್ಯಾರೋಪಿಟಂಟ್ ಎಂಬ ಔಷಧಿ ಮಿದುಳಿನ ವಾಂತಿ ಕೇಂದ್ರದಲ್ಲಿ ‘ಸಬ್‌ಸ್ಟೆನ್ಸ್ ಪಿ’ ಎಂಬ ರಾಸಾಯನಿಕದ ಸಂದೇಶವನ್ನು ತಡೆಯುತ್ತದೆ. ಆದರೆ ಪ್ರಯಾಣದ ವಾಂತಿಗೆ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆಯಿರುವುದು ನಾಲ್ಕು ತಿಂಗಳು ತುಂಬಿದ ನಾಯಿಗಳಿಗೆ ಮಾತ್ರ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಮುರಿದು ಕೊಡುವುದಂತೂ ಸಲ್ಲ.

ಹಾಸಿಗೆ, ಫ್ಯಾನು ಎಲ್ಲ ಇರುವ ಟ್ರೇಲರಿನಲ್ಲೇ ಮರಿಯನ್ನು ಮಲಗಿಸಿ ಎಳೆದುಕೊಂಡು ಹೋದರೆ ಆಗದೇ? ಆಗದು. ಟ್ರೇಲರ್ ಕಾರಿಗೆ ಒಂದೇ ಬಿಂದುವಿನಲ್ಲಿ, ಕೊಂಡಿಯಲ್ಲಿ, ಜೋಡಿಸಿಕೊಂಡಿರುತ್ತದೆ. ಭಾರವೆಲ್ಲ ಅಚ್ಚಿನ ಹಿಂದೆ ಬಿದ್ದರೆ ಅದು ಬಾಲದಂತೆ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ. ಟ್ರೆಡ್‌ಮಿಲ್ ಮೇಲೆ ಆಟಿಕೆ ಕಾರು–ಟ್ರೇಲರ್ ಓಡಿಸಿ ಇದನ್ನು ತೋರಿಸುವುದುಂಟು: ತೂಕದ ಬಿಲ್ಲೆಯನ್ನು ಮುಂದಿಟ್ಟಾಗ ಬೆರಳಿನಿಂದ ತಳ್ಳಿದರೂ ಟ್ರೇಲರ್ ನೆಟ್ಟಗಾಗುತ್ತದೆ, ಅದೇ ಬಿಲ್ಲೆಯನ್ನು ಹಿಂದಕ್ಕೆ ಸರಿಸಿದರೆ ಒಂದು ನೂಕಿಗೇ ಬೀಸಾಟ ಹೆಚ್ಚುತ್ತ ಹೋಗಿ ಕಾರನ್ನೂ ತಿರುಗಿಸಿ ಕೆಡವುತ್ತದೆ. ಅದಕ್ಕೇ ಟ್ರೇಲರಿನ ಒಟ್ಟು ತೂಕದ 10ರಿಂದ 15 ಪ್ರತಿಶತ ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸುವುದು ರೂಢಿ. 1,500 ಕೆ.ಜಿ.ಯ ಟ್ರೇಲರಾದರೆ 150ರಿಂದ 225 ಕೆ.ಜಿ. ವೇಗ ಹೆಚ್ಚಿದಷ್ಟೂ ಬೀಸಾಟ ತಾನಾಗಿ ಅಡಗುವ ಗುಣ ಕಡಿಮೆಯಾಗುತ್ತದೆ. ಪಕ್ಕದಲ್ಲಿ ದೊಡ್ಡ ಲಾರಿ ಹಾದುಹೋದಾಗಿನ ಗಾಳಿಯೇ ಆಗ ಸಾಕಾಗುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ಓಡುವ ಟ್ರೇಲರಿನೊಳಗೆ ಜನ ಕೂರುವುದನ್ನು ಕಾನೂನೇ ತಡೆಯುತ್ತದೆ.

ಮರಿಯ ಜಾಗ ಕಾರಿನ ಹಿಂದಿನ ಸೀಟಿನಲ್ಲಿ, ಬಿಗಿಯಾಗಿ ಕಟ್ಟಿದ ಕ್ರೇಟ್‌ನಲ್ಲಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಯಾವುದಕ್ಕಾದರೂ ಬಡಿದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಐದು ಕೆ.ಜಿ.ಯ ಮರಿಯನ್ನು ಹಿಡಿದಿಡಲು ಸುಮಾರು 70 ಕೆ.ಜಿ. ಎತ್ತುವಷ್ಟು ಬಲ ಬೇಕು. ತೊಡೆಯ ಮೇಲೆ ಕೂರಿಸಿಕೊಂಡವರ ಕೈಗೆ ಅದು ನಿಲುಕುವ ಮಾತಲ್ಲ.

ಬಿಸಿಲಿನದು ಇನ್ನೊಂದು ಲೆಕ್ಕ. ಹೊರಗೆ ಹಿತವಾದ 22 ಡಿಗ್ರಿ ಸೆಲ್ಸಿಯಸ್ ಇದ್ದಾಗಲೂ ಮುಚ್ಚಿದ ಕಾರಿನೊಳಗೆ ಒಂದು ಗಂಟೆಯಲ್ಲಿ ಶಾಖ 47 ಡಿಗ್ರಿ ಮುಟ್ಟಬಹುದೆಂದು 2005ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿತು. ಏರಿಕೆಯ ಐದರಲ್ಲಿ ನಾಲ್ಕು ಪಾಲು ಆದದ್ದು ಮೊದಲ ಅರ್ಧ ಗಂಟೆಯಲ್ಲೇ, ಕಿಟಕಿ ಚೂರು ಇಳಿಸಿದ್ದರಿಂದ ಹೆಚ್ಚೇನೂ ಲಾಭವಾಗಲಿಲ್ಲ. ನಾಯಿ ಬೆವರುವುದು ಪಾದದ ಮೆತ್ತೆಗಳಲ್ಲಿ ಮಾತ್ರ, ಅದರ ಮುಖ್ಯ ಉಪಾಯ ಏದುಸಿರು. ಗಾಳಿ ಮೂಗಿನಿಂದ ಒಳಬಂದು ಬಾಯಿಂದ ಹೊರಹೋಗುತ್ತದೆ, ಮೂಗಿನ ಒದ್ದೆ ಮಡಿಕೆಗಳ ಮೇಲೆ ಆವಿಯಾಗುವ ನೀರು ಶಾಖ ಹೊತ್ತೊಯ್ಯುತ್ತದೆ. ನಿಮಿಷಕ್ಕೆ 300ಕ್ಕೂ ಹೆಚ್ಚಿರುವ ಈ ಉಸಿರಿನ ಗತಿ ಎದೆಗೂಡಿನ ಸಹಜ ಕಂಪನಕ್ಕೆ ಹೊಂದಿಕೊಂಡಿರುವುದರಿಂದ ಹೆಚ್ಚು ಶ್ರಮವಿಲ್ಲದೆ ನಡೆಯುತ್ತದೆ. ಸುತ್ತಲ ಗಾಳಿಯೇ ಬಿಸಿಯಾಗಿ ತೇವವಾದರೆ ಈ ಉಪಾಯ ಕೈಕೊಡುತ್ತದೆ, ಪಗ್‌ನಂಥ ಮೊಂಡು ಮೂಗಿನವಕ್ಕೆ ಇನ್ನೂ ಬೇಗ. ಟ್ರೇಲರಿನಲ್ಲಿ ಎ.ಸಿ. ಇದೆಯಲ್ಲ ಎನ್ನುವವರು ನೆನಪಿಡಬೇಕಾದದ್ದು: ಅದು ನಡೆಯುವುದು ಬಿಡಾರ ತಾಣದ ಕರೆಂಟಿನಿಂದ. ಮಾಲೀಕರು ಗುಡ್ಡ ಹತ್ತಲು ಹೋದಾಗ ಬ್ರೇಕರ್ ಬಿದ್ದರೆ ಒಳಗಿರುವ ಮರಿ ಯಾರಿಗೂ ಹೇಳಲಾರದು.

ಮೇನ್ ಕಾಡಿನ ಉಣುಗಿನ ಬಗ್ಗೆಯೂ ಎರಡು ಮಾತು. ಮಂಗನ ಕಾಯಿಲೆ ಬಲ್ಲ ಮಲೆನಾಡಿನವರಿಗೆ ಉಣುಗಿನ ಕುತಂತ್ರ ಹೇಳಿಕೊಡಬೇಕಿಲ್ಲ. ಮೇನ್‌ನ ಕಪ್ಪುಕಾಲಿನ ಉಣುಗು ಹರಡುವುದು ಲೈಮ್ ರೋಗವನ್ನು. ಕಚ್ಚಿಕೊಂಡು ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ರೋಗಾಣು ದಾಟುವುದರಿಂದ, ಪ್ರತಿ ಸಂಜೆ ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ತಡಕಿ ನೋಡುವುದು ನಿಜಕ್ಕೂ ಫಲ ಕೊಡುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ಸಂಗತಿ ಗೊತ್ತಿರಬೇಕು. 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ನಿಯಮದಂತೆ ಆರು ತಿಂಗಳು ತುಂಬದ ಅಥವಾ ಮೈಕ್ರೋಚಿಪ್ ಇಲ್ಲದ ನಾಯಿಗೆ ಅಮೆರಿಕದೊಳಗೆ ಪ್ರವೇಶವಿಲ್ಲ. ಬೆಂಗಳೂರಿನಿಂದ ಎಳೆಯ ಮರಿಯನ್ನು ವಿಮಾನದಲ್ಲಿ ತರಿಸಿಕೊಳ್ಳುವ ಮಾತಂತೂ ದೂರವೇ, ಭಾರತ ರೇಬೀಸ್ ಅಪಾಯದ ದೇಶಗಳ ಪಟ್ಟಿಯಲ್ಲಿ ಇರುವುದರಿಂದ ದೊಡ್ಡ ನಾಯಿಗೂ ಹೆಚ್ಚಿನ ದಾಖಲೆಗಳು ಬೇಕು. ಅಕೇಡಿಯ ನೋಡಿಕೊಂಡು ಹಾಗೇ ಗಡಿ ದಾಟಿ ಕೆನಡಾದ ನ್ಯೂ ಬ್ರನ್ಸ್‌ವಿಕ್‌ಗೆ ಹೋದವರೂ ವಾಪಸು ಬರುವಾಗ ಇದೇ ನಿಯಮಕ್ಕೆ ಸಿಕ್ಕಿಬೀಳುತ್ತಾರೆ.

ಒಟ್ಟಿನಲ್ಲಿ ಎರಡು ತಿಂಗಳ ಮರಿಗೆ ಟ್ರೇಲರ್ ಬೇಕು, ಸಾವಿರ ಕಿಲೋಮೀಟರ್ ಬೇಡ. ಮೊದಲು ಮನೆಯ ಮುಂದೆಯೇ ಟ್ರೇಲರ್ ನಿಲ್ಲಿಸಿ ಕ್ರೇಟ್ ಸಮೇತ ಮರಿಯನ್ನು ಅದರೊಳಗೆ ಮಲಗಿಸಿ ಅಭ್ಯಾಸ ಮಾಡಿಸಿ. ಆಮೇಲೆ ಅರ್ಧ ಗಂಟೆಯ ದಾರಿಯಲ್ಲಿರುವ ತಾಣಕ್ಕೆ ಹೋಗಿ, ಎರಡು ರಾತ್ರಿ ಅಲ್ಲೇ ಇರಿ. ದೂರದ ಪ್ರಯಾಣ 16 ವಾರದ ಲಸಿಕೆ ಮುಗಿದ ಮೇಲಿರಲಿ. ಹೊರಡುವ ಮೊದಲು ಹೋಗುವ ಊರುಗಳ ಪಟ್ಟಿ ಹಿಡಿದು ಒಮ್ಮೆ ಪಶುವೈದ್ಯರನ್ನು ಕಾಣಿ. ಆಯಾ ಪ್ರದೇಶದ ಉಣುಗಿಗೂ ರೋಗಕ್ಕೂ ಯಾವ ಲಸಿಕೆ, ಯಾವ ಔಷಧಿ ಬೇಕೆಂದು ಅವರೇ ಹೇಳುತ್ತಾರೆ.