ರಾಕೆಟ್ಟಿನ ಬೆನ್ನಿಗಿದ್ದ ಬಿದಿರು

2018ರ ಜುಲೈಯಲ್ಲಿ ಹೊಸನಗರ ತಾಲೂಕಿನ ನಗರದಲ್ಲಿ ಹಾಳುಬಾವಿಯೊಂದರ ಹೂಳೆತ್ತಿದಾಗ ಟಿಪ್ಪು ಕಾಲದ ಸುಮಾರು ಸಾವಿರ ರಾಕೆಟ್ಟುಗಳು ಸಿಕ್ಕವು. ಎಲ್ಲರೂ ಕಬ್ಬಿಣದ ಕೊಳವೆಯನ್ನೂ ಮದ್ದನ್ನೂ ಕೊಂಡಾಡಿದರು. ಕೊಳವೆಗೆ ಬಿಗಿಯುತ್ತಿದ್ದ ಬಿದಿರಿನ ಮಾತು ಮಾತ್ರ ಅಷ್ಟಾಗಿ ಕೇಳಿಬರಲಿಲ್ಲ. ಆ ಕೋಲು ಇಲ್ಲದಿದ್ದರೆ ರಾಕೆಟ್ಟು ಗುರಿಯತ್ತ ಹೋಗುವುದಿರಲಿ, ಹಾರಿದಲ್ಲೇ ಗಿರಕಿ ಹೊಡೆದು ಬೀಳುತ್ತಿತ್ತು.

ಬಿಲ್ಲಿನ ಬಾಣಕ್ಕೆ ಗರಿ ಕಟ್ಟುವುದೂ ಇದೇ ಕಾರಣಕ್ಕೆ. ಬಾಣ ಕೊಂಚ ಓರೆಯಾದರೆ ಗಾಳಿ ಗರಿಗೆ ಬಡಿದು ಬಾಲವನ್ನು ಮತ್ತೆ ಹಿಂದಕ್ಕೆ ತಳ್ಳುತ್ತದೆ, ಮೊನೆ ದಾರಿಗೆ ಬರುತ್ತದೆ. ವಸಿಷ್ಠನ ಹೆಸರಿನ ಧನುರ್ವೇದ ಬಾಣಕ್ಕೆ ಆರಂಗುಲದ ನಾಲ್ಕು ಗರಿ ಹೇಳುತ್ತದೆ. ಕೋಲು ತೀರ ದಪ್ಪವೂ ಇರಬಾರದು, ತೀರ ಸಣ್ಣದೂ ಇರಬಾರದು, ಎಳೆಯದಂತೂ ಕೂಡದು ಎನ್ನುತ್ತದೆ. ಹೆದೆ ಬಿಟ್ಟ ಕ್ಷಣ ಬಾಣ ಬಳುಕಿಯೇ ಬಿಲ್ಲಿನ ದಂಡವನ್ನು ದಾಟಬೇಕು. ಬಲಗೈ ಬಿಲ್ಲುಗಾರನ ಕೋಲು ಅತಿ ಗಡುಸಾದರೆ ಎಡಕ್ಕೆ ಸರಿಯುತ್ತದೆ, ಅತಿ ಮೆದುವಾದರೆ ಬಲಕ್ಕೆ. ಕೋಲು ಕೆಟ್ಟದ್ದಾದರೆ ಎಂಥ ಗರಿಯೂ ಅದನ್ನು ಪೂರಾ ತಿದ್ದಲಾರದು.

ಸುಬ್ರಹ್ಮಣ್ಯ, ಕಡಬ, ಸುಳ್ಯದ ಅಡಿಕೆ ಬೆಳೆಗಾರರಿಗೆ ಕೋಲಿನ ಗುಣ ಬಿಡಿಸಿ ಹೇಳಬೇಕಾಗಿಲ್ಲ. ದೋಟಿಯ ತುದಿಯ ಕತ್ತಿ ಗೊನೆಯ ಬುಡಕ್ಕೆ ಸರಿಯಾಗಿ ತಾಗಬೇಕಾದರೆ ಬಿದಿರು ಬಲಿತಿರಬೇಕು, ಹಗುರಿರಬೇಕು, ಬಾಗಿದರೂ ಮತ್ತೆ ನೆಟ್ಟಗಾಗಬೇಕು. ಎಳೆಯದನ್ನು ಕಡಿದರೆ ಒಣಗುವಾಗ ಸುರುಟುತ್ತದೆ, ಕುಟ್ಟೆ ಹಿಡಿಯುತ್ತದೆ. ಸೊಟ್ಟಗಿದ್ದಲ್ಲಿ ಬೆಂಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ, ಮತ್ತೆ ಒತ್ತಿ ನೇರ ಮಾಡಬೇಕು. ಈಗ ದೋಟಿಯೂ ಕಾರ್ಬನ್ ಫೈಬರ್, ಬಾಣವೂ ಕಾರ್ಬನ್ ಫೈಬರ್. ಕೆಲಸ ಹಗುರಾಯಿತು, ಒಪ್ಪುತ್ತೇನೆ. ಆದರೆ ಹಿಂಡಿಲಿನ ಎದುರು ನಿಂತು ಯಾವ ಗಳ ಆದೀತು ಎಂದು ಹೇಳಬಲ್ಲ ಆ ಕಣ್ಣು ಹೋಗುತ್ತಿರುವುದು ನನಗೆ ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ಮೈಸೂರಿನ ರಾಕೆಟ್ಟು ನಿಂತದ್ದು ಅಂಥ ಕಣ್ಣಿನ ಮೇಲೆಯೇ. ಸುಮಾರು 20 ಸೆಂಟಿಮೀಟರಿನ ಕಬ್ಬಿಣದ ಕೊಳವೆಗೆ ನಾಲ್ಕಡಿ ಬಿದಿರನ್ನು ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಬೆಂಕಿ ಉಗುಳುವ ಬಾಲಕ್ಕೆ ಗರಿ ಕಟ್ಟುವುದೆಂತು? ಉದ್ದದ ಕೋಲೇ ಗರಿಯಾಯಿತು. ಮದ್ದು ಉರಿದಂತೆ ಕೊಳವೆ ಹಗುರಾಗಿ ತೂಕದ ನಡು ಹಿಂದಕ್ಕೆ ಸರಿಯುತ್ತದೆ. ಕೋಲು ಭಾರದ್ದಾದರೆ ಹಾರಾಟವೇ ಕೆಡುತ್ತದೆ. ಉದ್ದ ಬೇಕು, ತೂಕ ಬೇಡ: ಪೊಳ್ಳು ಬಿದಿರಿನಂಥದ್ದು ಬೇರೆ ಯಾವುದಿತ್ತು? 1780ರಲ್ಲಿ ಪೊಲ್ಲಿಲೂರಿನಲ್ಲಿ ಬ್ರಿಟಿಷ್ ಕರ್ನಲ್ ಬೇಯ್ಲಿಯ ಪಡೆಯ ಮೇಲೆ ಎರಗಿದ್ದು ಇವೇ. ಟಿಪ್ಪು ತನ್ನ ಒಂದೊಂದು ಕುಶೂನ್ ದಳಕ್ಕೂ 200 ರಾಕೆಟ್ ಸಿಪಾಯಿಗಳನ್ನು ಇಟ್ಟಿದ್ದ. ಅವರಿಗೆ ಬಿದಿರು ಆರಿಸಿ, ಹದ ಮಾಡಿ, ಕಟ್ಟಿ ಕೊಟ್ಟವರ ಬಗ್ಗೆ ನಮ್ಮ ಶಾಲೆಯ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಪ್ರಯೋಗಕ್ಕೆ ಇಳಿದಾಗ ಕೋಲನ್ನು ನಮ್ಮವರಂತೆ ಬದಿಗೇ ಕಟ್ಟಿದ. ಅದು ಬುಡದ ನಡುವಿಗೆ ಬಂದದ್ದು 1815ರ ಹೊತ್ತಿಗೆ. 1844ರಲ್ಲಿ ವಿಲಿಯಂ ಹೇಲ್ ಕೋಲನ್ನೇ ತೆಗೆದುಹಾಕಿ, ಹೊಗೆ ಓರೆಯಾಗಿ ಹೊರಡುವಂತೆ ಮಾಡಿ, ರಾಕೆಟ್ಟನ್ನು ತನ್ನ ಸುತ್ತಲೇ ತಿರುಗಿಸಿ ಹಾರಿಸಿದ. ಗರಿಯನ್ನು ತುಸು ಓರೆಯಾಗಿ ಅಂಟಿಸಿ ಬಾಣವನ್ನು ತಿರುಗಿಸುವ ಬಿಲ್ಲುಗಾರರಿಗೆ ಆ ಉಪಾಯ ಹೊಸದೇನಲ್ಲ.