ತಾಯಂದಿರಿಗೆ ಸಲ್ಲಬೇಕಾದುದು

ಮಗುವಿನ ಜ್ಞಾನಸ್ನಾನಕ್ಕೆ ಹೆಸರು ಬರೆಸಲು ಬಂದ ತಾಯಿಯೊಬ್ಬರು, ಹೆರಿಗೆ ವಾರ್ಡಿನಲ್ಲಿ ‘ಖುಷಿಗೆ’ ಎಂದು 500 ರೂಪಾಯಿ ತೆತ್ತುದನ್ನು ನಮ್ಮಲ್ಲಿ ಹೇಳಿಕೊಂಡರು. ಪಡೆದವರಿಗಿಲ್ಲದ ನಾಚಿಕೆ ಕೊಟ್ಟವರ ಮುಖದಲ್ಲಿತ್ತು.

2011ರ ಜೂನ್‌ನಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯ ಹೆರಿಗೆಗೆ, ಅದು ಸಿಸೇರಿಯನ್ ಆದರೂ, ಹಣ ಕೊಡಬೇಕಿಲ್ಲ. ಔಷಧ, ತಪಾಸಣೆ, ಬೇಕಾದರೆ ರಕ್ತ, ಸಹಜ ಹೆರಿಗೆಯಾದರೆ 3 ದಿನ, ಶಸ್ತ್ರಚಿಕಿತ್ಸೆಯಾದರೆ 7 ದಿನಗಳವರೆಗೆ ಊಟ, ಹೋಗಿಬರುವ ವಾಹನ, ಎಲ್ಲವೂ ಉಚಿತ. ನಮ್ಮ ಕುಟುಂಬಗಳಲ್ಲಿ ಇದನ್ನು ಬಲ್ಲವರೆಷ್ಟು ಮಂದಿ? ಅವರವರಿಗೆ ಸಲ್ಲಬೇಕಾದುದನ್ನು ಸಲ್ಲಿಸುವುದೇ ನ್ಯಾಯವೆಂದು ಸಂತ ತೋಮಸ್ ಅಕ್ವಿನಾಸರಿಂದ ಕಲಿತ ನಾವೇ ಅಂದು, ‘ಹೋಗಲಿ ಬಿಡಿ, ಮಗು ಚೆನ್ನಾಗಿದೆಯಲ್ಲ’ ಎಂದುಬಿಟ್ಟೆವು. ಆ ಮಾತು ನಮ್ಮನ್ನು ಇಂದಿಗೂ ಚುಚ್ಚುತ್ತಿದೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯಲ್ಲಿ ಪಂಚಾಯಿತಿ ಸದಸ್ಯರೂ ಆಶಾ ಕಾರ್ಯಕರ್ತೆಯೂ ಇರುತ್ತಾರೆ; ಅರ್ಧದಷ್ಟಾದರೂ ಸ್ತ್ರೀಯರಿರಬೇಕೆಂಬ ನಿಯಮವೂ ಉಂಟು. ಇಂಥ ದೂರುಗಳನ್ನು ಎತ್ತಬೇಕಾದ ಸ್ಥಳವದು. ನಮ್ಮ ಧರ್ಮಕೇಂದ್ರದ ಸ್ತ್ರೀ ಸಂಘದವರು ಮುಂದಿನ ಸಭೆಯ ದಿನವನ್ನು ವಿಚಾರಿಸಿ ಬಂದಿದ್ದಾರೆ. ಆ ತಾಯಿಯೂ ಹೋಗುವರಂತೆ. ಮಾತನಾಡುವವರು ಅವರೇ, ನಾವು ಹಿಂದಿನ ಬೆಂಚಿನಲ್ಲಿ ಕುಳಿತಿರುತ್ತೇವೆ.